ಮೂರು ಪೈಪಿನ ಜೀಪು

ಹಳೇ ಗಾಡಿಯ ಚರಿತ್ರೆ ಓದಬೇಕು ಅಂತಿದ್ದರೆ ಬಾನೆಟ್ ಎತ್ತಬೇಡಿ, ಗಾಡಿಯ ಅಡಿಗೆ ಹೋಗಿ ಮಲಗಿ. ಮೇಲೆ ಕಾಣುವುದನ್ನೆಲ್ಲ ಯಾರ್ಯಾರೋ ಬದಲಾಯಿಸಿರುತ್ತಾರೆ. ಬಣ್ಣ ಮೂರು ಸಲ ಬದಲಾಗಿರುತ್ತದೆ, ಸೀಟಿನ ರೆಕ್ಸಿನ್ ಹೊಸದಾಗಿರುತ್ತದೆ, ಹಾರ್ನ್ ಯಾವುದೋ ಲಾರಿಯದ್ದಾಗಿರುತ್ತದೆ. ಆದರೆ ಟ್ಯಾಂಕಿನಿಂದ ಎಂಜಿನ್ನಿಗೆ ಎಣ್ಣೆ ಹೋಗುವ ಪೈಪನ್ನು ಚಂದಕ್ಕಾಗಿ ಯಾರೂ ಬದಲಾಯಿಸುವುದಿಲ್ಲ. (ಎಣ್ಣೆ ಅಂದ ಕೂಡಲೇ ಬೆಂಗಳೂರಿನ ಗೆಳೆಯರು ಬೇರೇನೋ ತಿಳ್ಕೋತಾರೆ. ಸ್ವಲ್ಪ ತಡೀರಿ, ಅದೂ ಈ ಕಥೆಯಲ್ಲಿ ಬರುತ್ತೆ.) ಪೈಪು ತೂತಾದರೆ ಹಳೆಯದನ್ನು ಅಲ್ಲೇ ಬಿಟ್ಟು ಪಕ್ಕದಲ್ಲೊಂದು ಹೊಸದು ಎಳೆಯುತ್ತಾರೆ. ಇಂಧನ ಬದಲಾದರೆ ಇನ್ನೊಂದು ಬರುತ್ತದೆ. ಹಾಗಾಗಿ ಐವತ್ತು ವರ್ಷ ಓಡಿದ ಗಾಡಿಯ ಹೊಟ್ಟೆಯಡಿಯಲ್ಲಿ ದೇಶದ ಆರ್ಥಿಕ ಚರಿತ್ರೆಯೇ ಕ್ಲಿಪ್ ಹಾಕಿಕೊಂಡು ಕೂತಿರುತ್ತದೆ.

ನಾನು ನೋಡಿದ್ದು ಹಂಗಾರಕಟ್ಟೆಯ ಒಂದು ಜೀಪಿನಲ್ಲಿ. ಮಾವನದ್ದು. 1968ರ ಮಹೀಂದ್ರ, ಎತ್ತರದ ಬಾನೆಟ್ಟಿನ ಸಿಜೆ3ಬಿ. ಅದನ್ನು ಮತ್ತೆ ರಸ್ತೆಗಿಳಿಸುವ ಕೆಲಸದಲ್ಲಿ ಎಂಜಿನ್ನಿಗಿಂತ, ಬಾಡಿಗಿಂತ ಹೆಚ್ಚು ಜಗಳ ಆದದ್ದು ಈ ಪೈಪುಗಳ ವಿಷಯಕ್ಕೆ. ಅಡಿಯಲ್ಲಿ ಮೂರು ಪೈಪುಗಳಿದ್ದವು. ಒಂದು ಕಾರ್ಖಾನೆಯ ಉಕ್ಕಿನದ್ದು, ತುಕ್ಕು ಹಿಡಿದು ಕಬ್ಬಿನ ಸಿಪ್ಪೆಯ ಹಾಗೆ ಪದರಪದರ ಎದ್ದದ್ದು. ಇನ್ನೆರಡು ತಾಮ್ರದ್ದು, ಆಮೇಲೆ ಬಂದವು. ಮೂರರಲ್ಲಿ ಯಾವುದನ್ನು ಉಳಿಸಬೇಕು, ಹೊಸದನ್ನು ಯಾವ ದಾರಿಯಲ್ಲಿ ಎಳೆಯಬೇಕು? ಇದಕ್ಕೆ ಉತ್ತರ ಹುಡುಕಬೇಕಾದರೆ ಆ ಮೂರೂ ಅಲ್ಲಿಗೆ ಯಾಕೆ ಬಂದವು ಅಂತ ತಿಳಿಯಲೇಬೇಕಿತ್ತು.

ಮೊದಲು ಊರಿನ ಪರಿಚಯ. ಉಡುಪಿಯಿಂದ ಕುಂದಾಪುರಕ್ಕೆ ಹೋಗುವಾಗ ಮಾಬುಕಳದಲ್ಲಿ ಸೀತಾನದಿ ದಾಟುತ್ತೀರಲ್ಲ, ಅಲ್ಲಿಂದ ಪಡುವಣಕ್ಕೆ ತಿರುಗಿದರೆ ಹಂಗಾರಕಟ್ಟೆ. ಸೀತಾ ಮತ್ತು ಸುವರ್ಣಾ ನದಿಗಳು ಸೇರಿ ಕಡಲಿಗೆ ಬೀಳುವ ಜಾಗದ ಒಂದು ದಡ ಇದು, ಎದುರಿನ ದಡ ಕೋಡಿಬೆಂಗ್ರೆ. ಹಳೇ ಬಂದರು. ಈಗಲೂ ಬೋಟು ಕಟ್ಟುವ, ರಿಪೇರಿ ಮಾಡುವ ಊರು. ಎದುರಿನ ಬೆಂಗ್ರೆಗೆ ರಸ್ತೆಯಲ್ಲಿ ಹೋಗಬೇಕಾದರೆ ದೊಡ್ಡ ಸುತ್ತು, ಅದಕ್ಕೇ ವಾಹನಗಳನ್ನು ಬಾರ್ಜಿನಲ್ಲಿ ದಾಟಿಸುತ್ತಾರೆ. ಗಾಡಿ ಮತ್ತು ದೋಣಿ ಎರಡನ್ನೂ ಒಟ್ಟಿಗೆ ನೋಡಿ ಬೆಳೆದ ಊರು ಅನ್ನಬಹುದು. ಇದು ಮುಂದೆ ಉಪಯೋಗಕ್ಕೆ ಬರುತ್ತದೆ.

ಮೋಟಾರು ಈ ಕರಾವಳಿಗೆ ಬಂದದ್ದು ನೂರು ವರ್ಷಕ್ಕೂ ಹಿಂದೆ. ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್, ಅಂದರೆ ನಮ್ಮ ಅಜ್ಜಂದಿರ ಬಾಯಲ್ಲಿ ಸಿಪಿಸಿ, 1914ರಲ್ಲಿ ಬಸ್ಸು ಶುರುಮಾಡಿತು. ಆಗ ಈ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮಂಗಳೂರಿನಿಂದ ಕುಂದಾಪುರದ ತನಕ ನದಿಗೊಂದು ತಡೆ: ಕೂಳೂರು, ಪಾವಂಜೆ, ಮೂಲ್ಕಿ, ಉದ್ಯಾವರ, ಕಲ್ಯಾಣಪುರ, ಮಾಬುಕಳ. ಸೇತುವೆಗಳು ಬರುವ ತನಕ ಬಸ್ಸು ದಡದಲ್ಲಿ ನಿಲ್ಲುತ್ತಿತ್ತು, ಜನ ದೋಣಿಯಲ್ಲಿ ದಾಟಿ ಆಚೆ ಇನ್ನೊಂದು ಬಸ್ಸು ಹತ್ತುತ್ತಿದ್ದರು. ಗಾಡಿಯನ್ನೇ ದಾಟಿಸಬೇಕಾದರೆ ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲ್ ಬೇಕು.

ಆ ಕಾಲದ ಗಾಡಿಗಳಲ್ಲಿ ಪೆಟ್ರೋಲ್ ಪೈಪು ಅನ್ನುವುದು ಮೊಳದುದ್ದದ ವಿಷಯ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ನೋಡಿ. ಹೆಚ್ಚಿನ ವರ್ಷಗಳಲ್ಲಿ ಅದರ ಟ್ಯಾಂಕು ಸೀಟಿನ ಅಡಿಯಲ್ಲಿ, ಎಂಜಿನ್ನು ಅದಕ್ಕಿಂತ ತಗ್ಗಿನಲ್ಲಿ. ಪಂಪಿಲ್ಲ ಗಿಂಪಿಲ್ಲ, ನೀರು ತಗ್ಗಿಗೆ ಹರಿದ ಹಾಗೆ ಪೆಟ್ರೋಲು ಹರಿಯಬೇಕು. ತೊಂದರೆ ಬರುವುದು ಏರಿನಲ್ಲಿ. ಮೂತಿ ಮೇಲಾದಾಗ ಎಂಜಿನ್ನು ಟ್ಯಾಂಕಿಗಿಂತ ಎತ್ತರಕ್ಕೆ ಹೋಗಿ ಪೆಟ್ರೋಲು ನಿಂತುಬಿಡುತ್ತಿತ್ತು. ಅದಕ್ಕೆ ಜನ ಕಂಡುಕೊಂಡ ಉಪಾಯ ಗಾಡಿ ತಿರುಗಿಸಿ ರಿವರ್ಸಿನಲ್ಲಿ ಏರು ಹತ್ತಿಸುವುದು! ಆಮೇಲೆ ಎಂಜಿನ್ನಿನ ಹೀರುವ ಬಲದಿಂದಲೇ ಪೆಟ್ರೋಲ್ ಎಳೆದು ಮೇಲಿನ ಸಣ್ಣ ಟ್ಯಾಂಕಿಗೆ ತುಂಬುವ ವ್ಯಾಕ್ಯೂಮ್ ವ್ಯವಸ್ಥೆ ಬಂತು. 1920ರ ದಶಕದ ಕೊನೆಗೆ ಎಂಜಿನ್ನಿನ ಕ್ಯಾಮ್ ತಳ್ಳುವ ಡಯಾಫ್ರಮ್ ಪಂಪು ಬಂತು. ಪಂಪು ಬಂದ ಮೇಲೆ ಟ್ಯಾಂಕನ್ನು ಎಲ್ಲಿ ಬೇಕಾದರೂ ಇಡಬಹುದಾಯಿತು, ಹಿಂದಿನ ಡಿಕ್ಕಿಯ ತಳದಲ್ಲೂ. ಪೈಪು ಗಾಡಿಯ ಉದ್ದಕ್ಕೂ ಓಡತೊಡಗಿತು. ಅದಕ್ಕೊಂದು ದಾರಿ ಬೇಕು ಅನ್ನುವ ಪ್ರಶ್ನೆ ಹುಟ್ಟಿದ್ದೇ ಅಲ್ಲಿಂದ.

ನಡುವೆ ಒಂದು ವಿಚಿತ್ರ ಅಧ್ಯಾಯ ಇದೆ. ಎರಡನೇ ಮಹಾಯುದ್ಧ. 1941ರಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಬಸ್ಸುಗಳಿಗೆ ಇದ್ದಿಲಿನ ಒಲೆ ಕಟ್ಟಿದರು. ಮನೆಯ ಹಿರಿಯರನ್ನು ಕೇಳಿದರೆ ಕೆಲವರಾದರೂ ಅವರ ಅಪ್ಪಂದಿರಿಂದ ಕೇಳಿದ ಕಥೆ ಹೇಳುತ್ತಾರೆ: ಬೆಳಿಗ್ಗೆ ಎದ್ದು ಕ್ಲೀನರು ಗಾಳಿಯಂತ್ರ ತಿರುಗಿಸಿ ಬೆಂಕಿ ಹೊತ್ತಿಸಬೇಕು, ಗ್ಯಾಸು ಬರುವ ತನಕ ಪ್ರಯಾಣಿಕರು ಕಾಯಬೇಕು, ಏರು ಬಂದಾಗ ಇಳಿದು ನಡೆಯಬೇಕು. ಅರೆಬರೆ ಉರಿದ ಇದ್ದಿಲಿನಿಂದ ಬರುವ ಗ್ಯಾಸಿನಲ್ಲಿ ಉರಿಯುವ ಅಂಶ ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡ್, ಜೊತೆಗೆ ಸ್ವಲ್ಪ ಹೈಡ್ರೋಜನ್, ಉಳಿದದ್ದು ಹೆಚ್ಚಾಗಿ ನೈಟ್ರೋಜನ್. ಎಂಜಿನ್ನಿನ ಶಕ್ತಿ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಇಳಿಯುತ್ತಿತ್ತು. ಇಲ್ಲಿ ಪೈಪು ತೋಳಿನಷ್ಟು ದಪ್ಪ. ಗ್ಯಾಸು ತಣಿಯಬೇಕು, ಬೂದಿ ಸೋಸಬೇಕು, ಆಮೇಲೆ ಎಂಜಿನ್ನಿಗೆ ಹೋಗಬೇಕು. ಸಂದಿಯಲ್ಲಿ ಸೋರಿದರೆ ಬಣ್ಣ ಇಲ್ಲ, ವಾಸನೆ ಇಲ್ಲ, ಕೊಲ್ಲುವ ವಿಷ. ಇಂಧನ ಯಾವುದೇ ಇರಲಿ, ಅದು ಹೋಗುವ ದಾರಿ ಮನುಷ್ಯ ಕೂತ ಜಾಗದಿಂದ ದೂರ ಇರಬೇಕು ಅನ್ನುವ ಪಾಠವನ್ನು ನಮ್ಮ ಊರಿನ ಬಸ್ಸಿನವರು ಇಂಟರ್ನೆಟ್ಟಿನಲ್ಲಿ ಕಲಿತದ್ದಲ್ಲ.

ಅದೇ ಯುದ್ಧ ಜೀಪನ್ನೂ ತಂದಿತು. 1947ರಲ್ಲಿ ಮುಂಬಯಿಯಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. ಮಾವನ ಜೀಪು ಆ ವಂಶದ್ದು. 2.2 ಲೀಟರಿನ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು. ಸೀಟಿನ ಅಡಿಯ ಟ್ಯಾಂಕಿನಿಂದ ಹೊರಟ ಉಕ್ಕಿನ ಪೈಪು ಚಾಸಿಯ ಒಳಮೈಗೆ ಅಂಟಿಕೊಂಡು ಮುಂದೆ ಬಂದು, ಎಂಜಿನ್ನಿನ ಎಡಬದಿಯ ಪಂಪಿಗೆ ಸೇರುತ್ತದೆ. ಪಂಪಿನಿಂದ ಮೇಲೆ ಕಾರ್ಬುರೇಟರಿಗೆ. ಈ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೂಡ ಎಡಬದಿಯಲ್ಲೇ. ಅಂದರೆ ಕೊನೆಯ ಮೊಳದಷ್ಟು ದಾರಿಯಲ್ಲಿ ಪೆಟ್ರೋಲು ಕಾದ ಕಬ್ಬಿಣದ ನೆರೆಮನೆಯಲ್ಲೇ ಹೋಗಬೇಕು. ಪೈಪು ಒಂದು ಅಂಗುಲ ಹತ್ತಿರ ಬಾಗಿದರೂ ಏಪ್ರಿಲ್ ಮಧ್ಯಾಹ್ನ ಪೆಟ್ರೋಲು ಪೈಪಿನೊಳಗೇ ಕುದಿದು ಆವಿಯಾಗುತ್ತದೆ. ಪಂಪು ದ್ರವವನ್ನು ತಳ್ಳಬಲ್ಲದು, ಆವಿಯನ್ನಲ್ಲ. ಗಾಡಿ ನಿಲ್ಲುತ್ತದೆ. ಹಳೇ ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದದ್ದು ಇದಕ್ಕೇ. ನಿಂತರೆ ಪರವಾಗಿಲ್ಲ, ಸೋರಿದರೆ? ಪೆಟ್ರೋಲಿನ ಆವಿ ಮೈನಸ್ 40 ಡಿಗ್ರಿ ಆಸುಪಾಸಿನ ಚಳಿಯಲ್ಲೂ ಕಿಡಿಗೆ ಹೊತ್ತಿಕೊಳ್ಳುವಂಥದ್ದು. ಕಾದ ಮ್ಯಾನಿಫೋಲ್ಡಿನ ಮೇಲೆ ಹನಿ ಬೀಳುವ ದಾರಿಯಲ್ಲಿ ಒಂದು ಜಾಯಿಂಟೂ ಇರಬಾರದು.

ಮೊದಲ ಪೈಪಿನ ಕಥೆ ಇಷ್ಟು. ಎರಡನೆಯದು, ಮೂರನೆಯದು ಜೋಡಿಯಾಗಿ ಬಂದವು. ಯಾಕೆ ಅಂದರೆ 1973. ಅರಬ್ ದೇಶಗಳು ತೈಲ ತಡೆಹಿಡಿದವು, ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ನಮ್ಮಲ್ಲಿ ಪೆಟ್ರೋಲು ಶ್ರೀಮಂತರ ಇಂಧನ ಅನ್ನಿಸಿಕೊಂಡಿತು, ಡೀಸೆಲಿಗೆ ಸರ್ಕಾರದ ಬೆಲೆಯ ನೆರಳು ಸಿಕ್ಕಿತು. ಆ ನೆರಳು ಪೂರ್ತಿ ಹೋದದ್ದು 2014ರ ಅಕ್ಟೋಬರಿನಲ್ಲಿ. ನಡುವಿನ ದಶಕಗಳಲ್ಲಿ ಊರೂರಿನಲ್ಲಿ ಪೆಟ್ರೋಲ್ ಜೀಪುಗಳ, ಅಂಬಾಸಿಡರುಗಳ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದರು. ಮಾವನ ಜೀಪಿಗೂ ಎಂಬತ್ತರ ದಶಕದಲ್ಲಿ ಆ ಭಾಗ್ಯ ಬಂತು. ಆರ್‌ಸಿ ಪುಸ್ತಕದಲ್ಲಿ ಅದರ ನಮೂದಿದೆ.

ಡೀಸೆಲಿಗೆ ಯಾಕೆ ಎರಡು ಪೈಪು? ಇಂಜೆಕ್ಷನ್ ಪಂಪು ಬೇಕಾದ್ದಕ್ಕಿಂತ ಹೆಚ್ಚು ಡೀಸೆಲನ್ನು ತರಿಸಿಕೊಳ್ಳುತ್ತದೆ. ಅದರ ಬಿಡಿಭಾಗಗಳಿಗೆ ಡೀಸೆಲೇ ಗ್ರೀಸು, ಡೀಸೆಲೇ ತಂಪು. ಉಳಿದದ್ದು, ಇಂಜೆಕ್ಟರಿನಿಂದ ಜಿನುಗಿದ್ದು, ಬೆಚ್ಚಗಾಗಿ ವಾಪಸು ಬರುತ್ತದೆ. ಅದಕ್ಕೊಂದು ರಿಟರ್ನ್ ಪೈಪು ಬೇಕು. ಹಾಗಾಗಿ ಹಳೇ ಪೆಟ್ರೋಲ್ ಜೀಪಿನ ಅಡಿಯಲ್ಲಿ ಜೋಡಿ ಪೈಪು ಕಂಡರೆ ತಿಳ್ಕೊಳ್ಳಿ, ಈ ಮನೆಯವರು ಪೆಟ್ರೋಲ್ ಬೆಲೆಗೆ ಹೆದರಿದ ಕಾಲ ಒಂದಿತ್ತು.

ಮಾವನ ಜೀಪಿನಲ್ಲಿ ಆಗಿನ ಯಾರೋ ಮೆಕ್ಯಾನಿಕ್ಕು ರಿಟರ್ನನ್ನು ಟ್ಯಾಂಕಿನ ತನಕ ಒಯ್ದಿರಲಿಲ್ಲ. ಪೈಪು ಉಳಿಸಲಿಕ್ಕೆ ಇರಬೇಕು, ಅರ್ಧ ದಾರಿಯಲ್ಲಿ ಒಂದು ಟೀ ಹಾಕಿ ಹೋಗುವ ಪೈಪಿಗೇ ಸೇರಿಸಿದ್ದರು. ಬಿಸಿ ಡೀಸೆಲು, ಅದರ ಜೊತೆ ಬಂದ ಗಾಳಿಗುಳ್ಳೆ, ಎಲ್ಲ ಮತ್ತೆ ಎಂಜಿನ್ನಿಗೇ. ಜೀಪು ಇಪ್ಪತ್ತು ವರ್ಷ ಬೆಳಿಗ್ಗೆ ಸ್ಟಾರ್ಟ್ ಆಗಲಿಕ್ಕೆ ಅತ್ತದ್ದು ಇದಕ್ಕೇ ಅಂತ ನನಗೆ ತಿಳಿಸಿಕೊಟ್ಟದ್ದು ಗಾಡಿ ಮೆಕ್ಯಾನಿಕ್ಕಲ್ಲ, ದಕ್ಕೆಯಲ್ಲಿ ಬೋಟಿನ ಎಂಜಿನ್ ಕೆಲಸ ಮಾಡುವವರು. ಗಾಡಿಯ ಅಡಿ ಟಾರ್ಚ್ ಬಿಟ್ಟು ನೋಡಿ ಅವರು ಹೇಳಿದ್ದು ಒಂದೇ ಮಾತು: "ಹ್ವಾಯ್, ಇದ್ ಏರ್ ಎಳೀತ್ ಮಾರಾಯ್ರೆ."

ಪೆಟ್ರೋಲ್ ಗಾಡಿಯವರಿಗೆ ಇದು ಸುಲಭಕ್ಕೆ ಅರ್ಥವಾಗುವುದಿಲ್ಲ. ಪಂಪಿಗಿಂತ ಹಿಂದೆ, ಟ್ಯಾಂಕಿನ ಕಡೆಯ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಡೀಸೆಲು ಹೊರಗೆ ಸೋರದೇ ಇರಬಹುದು. ಎಂಜಿನ್ನು ಎಳೆಯುವಾಗ ಗಾಳಿ ಒಳಗೆ ನುಗ್ಗುತ್ತದೆ. ನೆಲದಲ್ಲಿ ಒಂದು ಹನಿಯೂ ಕಾಣುವುದಿಲ್ಲ, ಎಂಜಿನ್ನು ಮಾತ್ರ ನಿಲ್ಲುತ್ತದೆ. ರಸ್ತೆಯಲ್ಲಿ ನಿಂತರೆ ಬದಿಗೆ ತಳ್ಳಿ, ಬ್ಲೀಡ್ ಸ್ಕ್ರೂ ಸಡಿಲಿಸಿ ಗಾಳಿ ತೆಗೆದು ಹೋಗಬಹುದು. ಅಳಿವೆ ಬಾಗಿಲಿನಲ್ಲಿ ನಿಂತರೆ? ನದಿಯ ಸೆಳೆತ ಹೊರಗೆ, ಕಡಲಿನ ತೆರೆ ಒಳಗೆ, ಅಡಿಯಲ್ಲಿ ಮರಳದಿಬ್ಬ. ಅಲ್ಲಿ ಐದು ನಿಮಿಷ ಎಂಜಿನ್ ಇಲ್ಲದಿದ್ದರೆ ಬೋಟು ಅಡ್ಡ ತಿರುಗುತ್ತದೆ. ಐವತ್ತರ ದಶಕದಿಂದ ಈ ಕರಾವಳಿಯಲ್ಲಿ ಬೋಟುಗಳಿಗೆ ಎಂಜಿನ್ ಬಂದ ಮೇಲೆ ಮೀನುಗಾರರ ಜೀವ ಹುಟ್ಟಿನ ಬದಲು ಡೀಸೆಲ್ ಪೈಪಿನ ಮೇಲೆ ನಿಂತಿತು. ಅದಕ್ಕೇ ಅವರ ಪೈಪಿನ ಜ್ಞಾನ ಗ್ಯಾರೇಜಿನವರಿಗಿಂತ ಒಂದು ತೂಕ ಹೆಚ್ಚು. ಜಾಯಿಂಟು ಕಡಿಮೆ ಇರಬೇಕು, ಇದ್ದದ್ದು ಕಣ್ಣಿಗೆ ಕಾಣಬೇಕು, ಫಿಲ್ಟರಿನ ತಳದಲ್ಲಿ ನೀರು ಇಳಿಸುವ ಕೀಲಿ ಕೈಗೆ ಸಿಗಬೇಕು. ನಾನು ಪೈಪುಗಳನ್ನು ಚಾಸಿಯ ಮೂಲೆಯಲ್ಲಿ ಯಾರಿಗೂ ಕಾಣದ ಹಾಗೆ ಎಳೆಯುವ ನಕ್ಷೆ ತೋರಿಸಿದಾಗ ಅವರು ನಕ್ಕರು. "ಕಾಂಬುಕೆ ಚಂದ ಇದ್ರೆ ಸಾಕಾತಿಲ್ಲ. ನಾಳೆ ಬಿಚ್ಚುಕೆ ಕೈ ಹೋಯ್ಕ್."

ಇಷ್ಟರಲ್ಲಿ ನಿಜವಾದ ಜಗಳ ಬಂತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲಿರುವ ಗಾಡಿಗೆ ನಂಬರಿನಲ್ಲಿ ‘ವಿಎ’ ಅಕ್ಷರ ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಅಂಥ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ನನ್ನ ಆಸೆ, ಹಳೇ ಪೆಟ್ರೋಲ್ ಎಂಜಿನ್ ಒಂದನ್ನು ಹುಡುಕಿ ತಂದು ಕೂರಿಸಿ, ಉಕ್ಕಿನ ಪೈಪನ್ನು ಕಾರ್ಖಾನೆಯ ದಾರಿಯಲ್ಲೇ ಹೊಸದಾಗಿ ಎಳೆದು, ಜೀಪನ್ನು 1968ಕ್ಕೆ ವಾಪಸು ಕಳಿಸುವುದು. ಮಾವ ಕೇಳಿದ್ದು ಇಷ್ಟೇ: "ಯಾವ ಒರಿಜಿನಲ್ ಮಾಣಿ? ಕಂಪ್ನಿಯವ್ರ್ ಮಾಡದ್ದಾ, ನಾವ್ ಓಡ್ಸದ್ದಾ?"

ಈ ಪ್ರಶ್ನೆಗೆ ಉತ್ತರ ಸುಲಭವಲ್ಲ. ಪೆಟ್ರೋಲ್ ಜೀಪಾಗಿ ಅದು ಬದುಕಿದ್ದು ಹದಿನೈದು ಚಿಲ್ಲರೆ ವರ್ಷ, ಬೇರೆಯವರ ಕೈಯಲ್ಲಿ. ಡೀಸೆಲ್ ಜೀಪಾಗಿ ಅದು ತೆಂಗಿನಕಾಯಿ ಹೊತ್ತಿದೆ, ಮದುವೆ ದಿಬ್ಬಣ ಹೊತ್ತಿದೆ, ರಾತ್ರಿ ಹೊತ್ತು ಹೆರಿಗೆಗೆ ಮಣಿಪಾಲಕ್ಕೆ ಓಡಿದೆ. ಆ ಜೋಡಿ ತಾಮ್ರದ ಪೈಪುಗಳನ್ನು ಕಿತ್ತರೆ ನಿಯಮದ ಪ್ರಕಾರ ಜೀಪು ‘ಮೂಲರೂಪ’ಕ್ಕೆ ಬರುತ್ತದೆ, ಮನೆಯವರ ಪ್ರಕಾರ ಅದರ ಮುಕ್ಕಾಲು ಆಯಸ್ಸು ಅಳಿಸಿಹೋಗುತ್ತದೆ. ಇಂಗ್ಲೆಂಡಿನ ಮ್ಯೂಸಿಯಮ್ಮಿನಲ್ಲಿ ಕೂರುವ ಕಾರಿಗೆ ‘ಕಾರ್ಖಾನೆಯಿಂದ ಬಂದ ಹಾಗೆ’ ಅನ್ನುವ ಅಳತೆಗೋಲು ಸರಿ ಇರಬಹುದು. ಬೆಲೆ ಏರಿದಾಗಲೆಲ್ಲ ಗಾಡಿಯ ಕರುಳನ್ನೇ ಬದಲಾಯಿಸಿ ಬದುಕಿಸಿಕೊಂಡ ದೇಶದಲ್ಲಿ ರಿಪೇರಿಯೂ ಚರಿತ್ರೆಯೇ.

ಪೆಟ್ರೋಲಿಗೆ ಹಿಂದಿರುಗುವುದರಲ್ಲಿ ಇನ್ನೊಂದು ತೊಡಕಿತ್ತು. ಈಗ ‘ಎಣ್ಣೆ’ಯ ವಿಷಯಕ್ಕೆ ಬಂದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಇ20 ಪೆಟ್ರೋಲನ್ನು ಬಿಡುಗಡೆ ಮಾಡಿದರು, 2025ರಲ್ಲಿ ದೇಶ ನೂರಕ್ಕೆ ಇಪ್ಪತ್ತರ ಮಿಶ್ರಣ ಮುಟ್ಟಿತು. ಪೆಟ್ರೋಲಿಗೆ ಮದ್ಯಸಾರ ಬೆರೆಸುವುದು ಹೊಸ ಯೋಚನೆ ಏನಲ್ಲ, ಅದಕ್ಕೆಂದೇ 1948ರಲ್ಲಿ ‘ಪವರ್ ಆಲ್ಕೋಹಾಲ್’ ಕಾಯಿದೆ ಬಂದಿತ್ತು. ಆದರೆ 1968ರ ಗಾಡಿಯ ರಬ್ಬರನ್ನು, ಡಯಾಫ್ರಮ್ಮನ್ನು ಎಥೆನಾಲಿಗಾಗಿ ಮಾಡಿರಲಿಲ್ಲ. ಹಳೇ ರಬ್ಬರು ಉಬ್ಬುತ್ತದೆ, ಮೆತ್ತಗಾಗುತ್ತದೆ, ಆಮೇಲೆ ಬಿರಿಯುತ್ತದೆ. ಇನ್ನೊಂದು, ಎಥೆನಾಲು ಗಾಳಿಯ ತೇವವನ್ನು ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಶೆಡ್ಡಿನಲ್ಲಿ ನಿಂತ ಗಾಡಿಯ ಅರ್ಧ ಖಾಲಿ ಟ್ಯಾಂಕು, ಅದೂ ಅಳಿವೆಯ ಪಕ್ಕ! ನೀರು ಹೆಚ್ಚಾದರೆ ಎಥೆನಾಲು ನೀರಿನ ಜೊತೆ ಸೇರಿ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಕೂರುತ್ತದೆ. ಪೈಪು ಮೊದಲು ಎಳೆಯುವುದು ತಳದಿಂದಲೇ.

ಕೊನೆಗೆ ಮಾವನ ಮಾತೇ ನಿಂತಿತು. ಡೀಸೆಲ್ ಉಳಿಯಿತು, ‘ವಿಎ’ ನಂಬರಿನ ಆಸೆ ಬಿಟ್ಟೆ. ಪೈಪುಗಳನ್ನು ಮಾತ್ರ ಹೊಸ ದಾರಿಯಲ್ಲಿ ಎಳೆದೆವು. ಜೀಪಿನ ಚಾಸಿ ಒಂದು ಬದಿ ತೆರೆದ ತೋಡಿನ ಹಾಗಿದೆ. ಕಾರ್ಖಾನೆಯವರು ಪೈಪನ್ನು ಅದರೊಳಗೆ ಕೂರಿಸಿದ್ದು ಕಲ್ಲು ಬಡಿಯದಿರಲಿ ಅಂತ. ಒಳ್ಳೇ ಯೋಚನೆ. ಆದರೆ ನಮ್ಮ ಊರಿನಲ್ಲಿ ಅದೇ ತೋಡಿಗೆ ಹೊಯಿಗೆ, ಉಪ್ಪು, ಕೆಸರು ತುಂಬುತ್ತದೆ. ಉಕ್ಕಿನ ಪೈಪು ಸತ್ತದ್ದು ನಡುವಿನಲ್ಲಲ್ಲ, ಪ್ರತಿ ಕ್ಲಿಪ್ಪಿನ ಅಡಿಯಲ್ಲಿ, ಒದ್ದೆ ಉಪ್ಪು ಒಣಗದೆ ಕೂತಲ್ಲಿ. ಹಾಗಾಗಿ ತೋಡಿನ ಆಸರೆ ಇಟ್ಟುಕೊಂಡು, ಪೈಪನ್ನು ತಳದಿಂದ ಎತ್ತಿ ನಡು ಎತ್ತರದಲ್ಲಿ, ರಬ್ಬರ್ ಹೊದಿಸಿದ ಕ್ಲಿಪ್ಪುಗಳಲ್ಲಿ ಚಾಸಿಗೆ ತಾಗದ ಹಾಗೆ ನಿಲ್ಲಿಸಿದೆವು. ಒಂದೊಂದು ಅಡಿಗೆ ಒಂದು ಕ್ಲಿಪ್ಪು. ಬರೀ ತಾಮ್ರ ಅದುರಿ ಅದುರಿ ಗಟ್ಟಿಯಾಗಿ ಒಂದು ದಿನ ಬಿರಿಯುತ್ತದೆ, ಸಾಲದ್ದಕ್ಕೆ ಡೀಸೆಲನ್ನೂ ಬೇಗ ಹಾಳುಮಾಡುತ್ತದೆ. ಅದರ ಬದಲು ತಾಮ್ರ-ನಿಕ್ಕೆಲ್ ಮಿಶ್ರಲೋಹದ ಪೈಪು ಹಾಕಿದೆವು. ಹಡಗುಗಳಲ್ಲಿ ಕಡಲನೀರು ಓಡುವ ಪೈಪುಗಳೂ ಇದೇ ಜಾತಿಯವು. ರಿಟರ್ನು ಈಗ ಟ್ಯಾಂಕಿನ ತನಕ ಹೋಗಿ, ಎಳೆಯುವ ಬಾಯಿಂದ ದೂರದಲ್ಲಿ ಬೀಳುತ್ತದೆ. ಎಂಜಿನ್ನು ರಬ್ಬರಿನ ಮೇಲೆ ಅಲುಗಾಡುತ್ತಿರುತ್ತದೆ, ಚಾಸಿ ಅಲುಗುವುದಿಲ್ಲ. ಇವೆರಡರ ನಡುವೆ ಮಾತ್ರ ಗೇಣುದ್ದದ ರಬ್ಬರ್ ಹೋಸು. ಎಕ್ಸಾಸ್ಟ್ ಹೋಗುವ ಬದಿಯಲ್ಲಿ ಒಂದೂ ಪೈಪಿಲ್ಲ.

ಆ ಹಳೇ ಪೆಟ್ರೋಲ್ ಪೈಪು? ತೊಳೆದು, ಒಣಗಿಸಿ, ಬಣ್ಣ ಬಳಿದು, ಎರಡೂ ತುದಿಗೆ ಬಿರಡೆ ಹಾಕಿ, ಚಾಸಿಯಲ್ಲಿ ಅದು ಇದ್ದ ಜಾಗದಲ್ಲೇ ಖಾಲಿ ಬಿಟ್ಟಿದ್ದೇವೆ. ಮುಂದೆ ಯಾರಿಗಾದರೂ 1968 ಬೇಕು ಅನ್ನಿಸಿದರೆ ದಾರಿ ಎಲ್ಲಿತ್ತು ಅಂತ ಗೊತ್ತಾಗಲಿ.

ನಿಮ್ಮಲ್ಲಿ ಅನೇಕರ ಊರಿನ ಮನೆಯಲ್ಲಿ ಅಪ್ಪನ ಪದ್ಮಿನಿ, ದೊಡ್ಡಪ್ಪನ ಎಜ್ಡಿ ಟಾರ್ಪಾಲಿನ ಅಡಿಯಲ್ಲಿ ನಿಂತಿರಬಹುದು. ಈ ಸಲ ಹಬ್ಬಕ್ಕೆ ಹೋದಾಗ ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿ ರೀಲ್ ಹಾಕುವ ಉಮೇದು ಬಂದೇ ಬರುತ್ತದೆ. ದಯವಿಟ್ಟು ಮೊದಲು ಬ್ಯಾಟರಿ ಕಳಚಿಡಿ. ಹಳೇ ಪೆಟ್ರೋಲು ಪೂರ್ತಿ ಇಳಿಸಿ. ಪ್ರತಿ ರಬ್ಬರ್ ಹೋಸನ್ನು ಬೆರಳಲ್ಲಿ ಒತ್ತಿ ನೋಡಿ: ಮೆತ್ತಗೆ ಅಂಟಿದರೂ, ಗಟ್ಟಿಯಾಗಿ ಸೀಳಿದರೂ ಕಿತ್ತು ಬಿಸಾಡಿ. ಹೊಸದನ್ನು ಕೊಳ್ಳುವಾಗ ಮೈಮೇಲೆ ‘ಎಸ್‌ಎಇ 30ಆರ್9’ ಅಂತ ಅಚ್ಚಾಗಿದೆಯಾ ನೋಡಿ, ಅದು ಎಥೆನಾಲ್ ತಡೆಯುವ ಜಾತಿ. ಅಂಗಡಿಯವರು ಕೊಡುವ ಪಾರದರ್ಶಕ ಪ್ಲಾಸ್ಟಿಕ್ ನಳಿಗೆ ಚಂದ ಕಾಣುತ್ತದೆ, ಬೇಡ. ಆಮೇಲೆ ಟ್ಯಾಂಕಿನಿಂದ ಎಂಜಿನ್ನಿನ ತನಕ ಕೈಯಾಡಿಸುತ್ತಾ ಹೋಗಿ. ದಾರಿಯಲ್ಲಿ ಹಳೇ ಪೈಪು, ಅರ್ಧಕ್ಕೆ ನಿಂತ ಪೈಪು, ಎಲ್ಲಿಗೂ ಹೋಗದ ಒಂದು ಟೀ ಸಿಗಬಹುದು. ಕೀಳುವ ಮೊದಲು ಮನೆಯ ಹಿರಿಯರನ್ನು ಕರೆದು ಇದು ಯಾವಾಗ ಹಾಕಿದ್ದು ಅಂತ ಕೇಳಿ. ಅವರು ಪೈಪಿನ ವಿಷಯ ಹೇಳಲಿಕ್ಕಿಲ್ಲ. ಆ ವರ್ಷ ಮನೆಯಲ್ಲಿ ದುಡ್ಡು ಹೇಗಿತ್ತು ಅನ್ನುವುದನ್ನು ಖಂಡಿತ ಹೇಳುತ್ತಾರೆ.